ನೂರಾ ಎಂಬತ್ತೆಂಟನೆಯ ಹೆಸರು

೧೯೬೯ನೇ ಇಸವಿ ಮಾರ್ಚ್ ೧೧, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ತುಳಜವ್ವ ತನ್ನ ಹನ್ನೆರಡು ದಿನದ ಕೂಸನ್ನು ಎದೆಗವಚಿಕೊಂಡು ಹೆಸರುಮನೆಯ ಮೆಟ್ಟಿಲು ಹತ್ತಿ ಬಂದಳು. ಮೆಟ್ಟಿಲು ಏಳು ಎಂಬುದು ಅವಳ ಪಾದಕ್ಕೆ ಗೊತ್ತಿತ್ತು. ಅವಳಿಗೆ ಕಣ್ಣು ಕಾಣುವುದಿಲ್ಲ. ವರ್ಷಕ್ಕೊಮ್ಮೆ ಬಂದು ನಮ್ಮ ಕಚೇರಿಯ ಕುರ್ಚಿಗಳಿಗೆ ಬೆತ್ತ ಹೆಣೆದು ಹೋಗುತ್ತಿದ್ದವಳು ಅವಳೇ. ಅವಳ ಬಲಗೈ ಕೂಸಿನ ಎದೆಯ ಮೇಲಿತ್ತು. ಬಾಗಿಲಲ್ಲಿ ಎಡವಿದಾಗಲೂ ಅವಳು ಚೌಕಟ್ಟು ಹಿಡಿದದ್ದು ಎಡಗೈಯಿಂದ, ಅದೂ ಮೊಣಕೈ ಊರಿ.

"ರಾಚಪ್ಪ ಸರ ಅದಾರೇನ್ರೀ?" ಎಂದಳು.

"ಇಲ್ಲೇ ಇದೀನಿ, ಬಾರವ್ವ."

"ನನ್ನ ಕೂಸಿನ ಪಾಳಿ ಎಲ್ಲಿಗೆ ಬಂತ್ರೀ?"

ಪಾಳಿಯ ಹಾಳೆ ನನ್ನ ಮುಂದೆಯೇ ಇತ್ತು. ಹೊಸ ನೂಲಿನ ಗಿರಣಿಗೆಂದು ಫೆಬ್ರವರಿ ಹತ್ತರಂದು ಬಂದವರು ನೂರಾ ಎಂಬತ್ತೇಳು ಜನ. ಅವರ ನಂತರ ಹುಟ್ಟಿದ್ದು ಈ ಕೂಸು. ನೂರಾ ಎಂಬತ್ತೆಂಟನೆಯ ಹೆಸರು. ನಾವು ಅಲ್ಲಿಯವರೆಗೆ ಏರಿಸಿದ್ದು ತೊಂಬತ್ತಾರು.

"ಇನ್ನೂ ಇಪ್ಪತ್ಮೂರು ದಿನ ಆಗ್ತದ," ಎಂದೆ.

ಅವಳು ಬೆಂಚಿನ ಅಂಚನ್ನು ತಡವಿ ಕೂತಳು. ಕೂಸು ಬಾಯಿ ತೆರೆದು, ಮುಖ ಕೆಂಪಗೆ ಮಾಡಿಕೊಂಡು, ಮುಷ್ಟಿ ಬಿಗಿಹಿಡಿದು ಅಳುತ್ತಿತ್ತು. ಕಚೇರಿಯಲ್ಲಿ ಗೋಡೆ ಗಡಿಯಾರದ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ.

ನಮ್ಮೂರಲ್ಲಿ ಹೆಸರುಮನೆಯ ಪುಸ್ತಕಕ್ಕೆ ಹೆಸರು ಏರುವ ತನಕ ಯಾರಿಗೂ ದನಿ ಇಲ್ಲ. ಹೊರಗಿನಿಂದ ಬಂದವರಿಗೂ ಅಷ್ಟೆ, ಇಲ್ಲೇ ಹುಟ್ಟಿದವರಿಗೂ ಅಷ್ಟೆ. ಹಾಗಾಗಿ ಕೂಸು ಹುಟ್ಟಿದ ಗಳಿಗೆಯಲ್ಲೇ ಸೂಲಗಿತ್ತಿ ಅದರ ಕಾಲಿಗೆ ಗೆಜ್ಜೆ ಕಟ್ಟುತ್ತಾಳೆ. ಅತ್ತಾಗ ಕಾಲು ಒದೆಯುತ್ತದೆ, ಗೆಜ್ಜೆ ಕೇಳುತ್ತದೆ, ತಾಯಿ ಓಡಿ ಬರುತ್ತಾಳೆ. ಗಿರಣಿಯವರು ಬಂದ ಮೇಲೆ ಕಿರಾಣಿ ಅಂಗಡಿಯವರು ಬಾಗಿಲಿಗೆ ಪಾಟಿ ಬಳಪ ತೂಗುಹಾಕಿದರು. ಒಂದು ಚಪ್ಪಾಳೆ ಎಂದರೆ ದಾರಿ ಬಿಡಿ, ಎರಡು ಎಂದರೆ ನೀರು, ಮೂರು ಎಂದರೆ ಜಗಳ. ಹೊಸ ಓಣಿಯಲ್ಲಿ ಸಂಜೆ ಹೊತ್ತು ಮೂರು ಚಪ್ಪಾಳೆ ಬಹಳ ಕೇಳುತ್ತಿತ್ತು.

ಏರಿದ ದನಿಯೂ ಶಾಶ್ವತವಲ್ಲ. ಬಹಳ ದಣಿದವರಿಗೆ, ದುಃಖದಲ್ಲಿದ್ದವರಿಗೆ ಒಮ್ಮೊಮ್ಮೆ ದನಿ ಕಟ್ಟಿಬಿಡುತ್ತದೆ. ಆಗ ದೊಡ್ಡ ಪುಸ್ತಕದಲ್ಲಿ ಅವರ ಸಾಲನ್ನು ಹುಡುಕಿ, ಅವರ ಕಿವಿಗೆ ಬೀಳುವಂತೆ ಒಮ್ಮೆ ಓದಬೇಕು. ದನಿ ಬಿಡುತ್ತದೆ. ದೊಡ್ಡ ಪುಸ್ತಕಕ್ಕೆ ಇಪ್ಪತ್ನಾಲ್ಕು ಸಂಪುಟ. ಹನ್ನೊಂದು ಸಾವಿರಕ್ಕೂ ಹೆಚ್ಚು ಸಾಲು. ಅದರಲ್ಲಿ ಜನ ಬಂದ ಸರದಿಯಲ್ಲೇ ಇದ್ದಾರೆ. ತಾರೀಖು ಬರೆಯುವ ಪದ್ಧತಿ ಇಲ್ಲ. ಹೊಸ ಹೆಸರನ್ನು ಕೊನೆಯ ಸಾಲಿನ ಕೆಳಗೆ ಬರೆದರಾಯಿತು. ಆದರೆ ಹಳೆಯ ಹೆಸರೊಂದು ಬೇಕಾದರೆ ಮೊದಲ ಸಂಪುಟದ ಮೊದಲ ಸಾಲಿನಿಂದ ನೋಡುತ್ತ ಬರಬೇಕು. ಅದಕ್ಕೆಂದೇ ಹುಡುಕು ಪುಸ್ತಕಗಳು ಹುಟ್ಟಿಕೊಂಡವು. ಅಕಾರಾದಿಯಾಗಿ ಹೆಸರಿನದು ಒಂದು, ತಾಯಿ ಹೆಸರಿನದು ಒಂದು, ಮನೆಯದು, ಕಸುಬಿನದು, ನಕ್ಷತ್ರದ್ದು, ಮಚ್ಚೆಯದು, ಹೀಗೆ ಒಂಬತ್ತು. ಪ್ರತಿಯೊಂದೂ ಯಾರೋ ಒಬ್ಬರು ಸಿಗದೆ ಹೋದ ಮೇಲೆ ಶುರುವಾದದ್ದು. ದನಿ ಕಟ್ಟಿ ಸಂತೆಯಲ್ಲಿ ನಿಂತ ಅನಾಥ ಮುದುಕ ತನ್ನ ಹೆಸರು ಬರೆಯಲಾರ, ಆದರೆ ಅವನ ಕಿವಿಯ ಹಿಂದಿನ ಮಚ್ಚೆ ನಮಗೆ ಕಾಣುತ್ತದಲ್ಲ.

ಹುಡುಕುವವರಿಗೆ ಇದು ವರ. ಬರೆಯುವ ನಮಗೆ ಹಾಗಲ್ಲ. ದೊಡ್ಡ ಪುಸ್ತಕದಲ್ಲಿ ಒಂದು ಸಾಲು ಬರೆದ ಮೇಲೆ ಒಂಬತ್ತೂ ಪುಸ್ತಕಗಳನ್ನು ತೆಗೆದು, ಒಂದೊಂದರಲ್ಲೂ ಆ ಹೆಸರಿನ ಸರಿಯಾದ ಜಾಗ ಹುಡುಕಿ ಸೇರಿಸಬೇಕು. ಹಾಳೆಯಲ್ಲಿ ಖಾಲಿ ಗೆರೆ ಇದ್ದರೆ ಪುಣ್ಯ. ಹಾಳೆ ತುಂಬಿದ್ದರೆ ಅದರ ಅರ್ಧವನ್ನು ಹೊಸ ಹಾಳೆಗೆ ನಕಲು ಮಾಡಿ, ಹೊಸ ಹಾಳೆಯನ್ನು ನಡುವೆ ಇಟ್ಟು ದಬ್ಬಳದಿಂದ ಹೊಲಿದು, ಆಮೇಲೆ ಆ ಒಂದು ಹೆಸರನ್ನು ಬರೆಯಬೇಕು. ಗಿರಣಿಯವರಲ್ಲಿ ಮಲ್ಲವ್ವ, ಮಲಕಪ್ಪ, ಮಹಾಂತವ್ವಂದಿರೇ ಮೂವತ್ತು ಜನ ಇದ್ದರು. 'ಮ'ಕಾರದ ಹಾಳೆಗಳನ್ನು ಹೊಲಿದು ಹೊಲಿದು ನನ್ನ ಹೆಬ್ಬೆರಳು ಜಡ್ಡುಗಟ್ಟಿತ್ತು. ಒಂಬತ್ತನೆಯ ಪುಸ್ತಕದ ಮಸಿ ಆರಿದಾಗಲೇ ಆ ಹೆಸರಿನವರ ದನಿ ಬರುವುದು. ಎಂಟರಲ್ಲಿ ಬರೆದು ಒಂದನ್ನು ಬಿಟ್ಟರೆ ಬರುವುದಿಲ್ಲ. ಸರದಿ ಬಿಟ್ಟು ಮುಂದಿನವರ ಹೆಸರು ಬರೆದರೂ ಅದು ಹಿಡಿಯುವುದಿಲ್ಲ. ಇವನ್ನೆಲ್ಲ ನನಗಿಂತ ಹಿಂದಿನವರು ಮಾಡಿ ನೋಡಿದ್ದರು.

"ಗೆಜ್ಜಿ ಕಟ್ಟೀಯಲ್ಲವ್ವಾ?" ಎಂದು ಒಳಗಿನಿಂದ ನೀಲಾಂಬಿಕಾ ಅಕ್ಕಾರು ಕೇಳಿದರು. ಹೆಸರುಮನೆಗೆ ಅವರೇ ಹಿರಿಯರು. ಮೂವತ್ತೊಂದು ವರ್ಷದಿಂದ ಅದೇ ಮೇಜು, ಅದೇ ಕನ್ನಡಕ.

"ಕಟ್ಟೀನ್ರೀ ಅಕ್ಕಾರ. ಮೊದಲ ವಾರ ಛಲೋ ಒದೀತಿತ್ತು. ಈಗ ಅತ್ತರೂ ಕಾಲು ಆಡಸವಲ್ದು. ಡಾಕ್ಟರು, ಶಕ್ತಿ ಕಡಿಮಿ ಅದ, ತಾಸಿಗೊಮ್ಮೆ ಹಾಲು ಕುಡಸು ಅಂದಾರ." ಅವಳು ಅಂಗೈಯನ್ನು ಕೂಸಿನ ಎದೆಯಿಂದ ತುಸು ಮೇಲಕ್ಕೆ, ಗಂಟಲ ಹತ್ತಿರಕ್ಕೆ ಸರಿಸಿದಳು. "ಅಳೂದು ಇಲ್ಲಿ ನಡಗತೈತ್ರಿ. ಅದರಾಗ ತಿಳಕೋತೀನಿ. ಕೈ ತಗದ್ನಿ ಅಂದ್ರ ಅದು ಎಲ್ಲಿ ಹೋತು ಅಂತ ತಿಳಿಯೂದಿಲ್ಲ."

"ನಿದ್ದಿ?"

"ನನಗೇನ್ರೀ?"

"ಮತ್ತ ಯಾರಿಗೆ ಕೇಳಲಿ, ಕುರ್ಚಿಗೇನ?"

ತುಳಜವ್ವ ನಕ್ಕಳು. "ರಾತ್ರಿ ಅಂಬಣ್ಣ ಕೈ ಇಡ್ತಾನ್ರೀ. ಹಗಲೆಲ್ಲ ದೋಣಿ ಜಗ್ಗಿ ಬಂದಿರ್ತಾನ, ಕೈ ಇಟ್ಟಲ್ಲೇ ಗೊರಕಿ. ನಾ ಅವನ ಕೈ ಮ್ಯಾಲ ನನ್ನ ಕೈ ಇಡ್ತೀನಿ."

ಅಂಬಣ್ಣ ಅವಳ ಗಂಡ. ಹಿಂದಿನ ದಿನ ಮಧ್ಯಾಹ್ನ ಅವನಿಲ್ಲದಾಗ, ಅವಳು ಒಲೆಯ ಮೇಲಿನ ಅನ್ನ ಇಳಿಸಲು ಎದ್ದಿದ್ದಳಂತೆ. ಅಷ್ಟರಲ್ಲಿ ಹೊದಿಕೆ ಕೂಸಿನ ಮುಖದ ಮೇಲೆ ಬಿದ್ದಿತ್ತು. ಪಕ್ಕದ ಮನೆಯ ಮೆಹಬೂಬಿ, ಗಿರಣಿಯವಳು, ಇನ್ನೂ ದನಿ ಇಲ್ಲದವಳು, ಕಿಟಕಿಯಲ್ಲಿ ಕಂಡು ಓಡಿಬಂದು ಹೊದಿಕೆ ಎಳೆದಿದ್ದಳು. ಈ ವಿಷಯವನ್ನು ತುಳಜವ್ವ ಹೇಳಲಿಲ್ಲ. ಮೆಹಬೂಬಿ ಬುಧವಾರ ಬೆಳಿಗ್ಗೆ ಬಂದು ನಮ್ಮ ಪಾಟಿಯ ಮೇಲೆ ಎರಡೂ ಮಗ್ಗುಲು ತುಂಬುವಷ್ಟು ಬರೆದಳು. ಕೊನೆಗೆ ಜಾಗ ಸಾಲದೆ ಮೇಜಿನ ಮೇಲೆ ಬರೆದಳು: 'ನೀವು ಬರಿಯೂದು ಆಮಿಗಿಂತ ಸಾವಕಾಶ.'

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವನು. ಯಾವುದಾದರೂ ನಿಧಾನ ಎಂದು ಯಾರಾದರೂ ಬೈದರೆ, ಎಷ್ಟು ನಿಧಾನ ಎಂದು ಅಳೆಯದೆ ನನಗೆ ಸಮಾಧಾನವಿಲ್ಲ. ಬುಧವಾರ, ಗುರುವಾರ ಎರಡು ದಿನ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಪ್ರತಿ ಹೆಸರಿಗೂ ಹೊತ್ತು ಬರೆದುಕೊಂಡೆ. ದೊಡ್ಡ ಪುಸ್ತಕದಲ್ಲಿ ಒಂದು ಸಾಲಿಗೆ ನಾಲ್ಕು ನಿಮಿಷ. ಒಂದೊಂದು ಹುಡುಕು ಪುಸ್ತಕಕ್ಕೆ, ಹೊಲಿಗೆಯನ್ನೂ ಸೇರಿಸಿ ಸರಾಸರಿ ಹದಿಮೂರು ನಿಮಿಷ. ಒಂಬತ್ತಕ್ಕೆ ನೂರಾ ಹದಿನೇಳು. ಒಟ್ಟು ಎರಡು ತಾಸು ಒಂದು ನಿಮಿಷ. ಹೆಸರು ಬರೆಯಲು ನಾಲ್ಕೇ ನಿಮಿಷ. ಮುಂದೆ ಎಂದೋ ಅದನ್ನು ಹುಡುಕಬೇಕಾದೀತು ಎಂಬುದಕ್ಕೆ ಉಳಿದ ಅಷ್ಟೂ ಹೊತ್ತು.

ಜೊತೆಗೆ ಇನ್ನೊಂದು ಎಣಿಕೆ ಮಾಡಿದೆ. ಯಾವ ಪುಸ್ತಕವನ್ನು ಹುಡುಕಲೆಂದು ಎಷ್ಟು ಸಲ ತೆರೆದಿದ್ದೇವೆ ಎಂದು ಕಳೆದ ವರ್ಷದ ದಿನಚರಿಯಲ್ಲಿ ನೋಡಿದೆ. ಹೆಸರಿನದು ಮುನ್ನೂರ ಹನ್ನೆರಡು ಸಲ. ಮಚ್ಚೆಯದು ಎರಡೇ ಸಲ, ಆದರೆ ಆ ಇಬ್ಬರೂ ಬೇರೆ ಯಾವುದರಲ್ಲೂ ಸಿಗುತ್ತಿರಲಿಲ್ಲ. ನಕ್ಷತ್ರದ ಪುಸ್ತಕ ಒಮ್ಮೆಯೂ ಇಲ್ಲ. ಅದರಲ್ಲಿ ನಾವು ವರ್ಷವಿಡೀ ಬರೆದಿದ್ದೆವು, ಹೊಲಿದಿದ್ದೆವು, ಯಾರೂ ಕೇಳಿರಲಿಲ್ಲ.

ಗುರುವಾರ ಸಂಜೆ ಈ ಹಾಳೆಗಳನ್ನು ಅಕ್ಕಾರ ಮುಂದಿಟ್ಟೆ. ಪುಸ್ತಕಕ್ಕೆ ಅರಗಿನ ಮೊಹರು ಹಾಕಿದರೆ ಅದು ಹೆಸರು ಕೇಳುವುದಿಲ್ಲ, ಅದರಲ್ಲಿ ಬರೆಯದೆಯೂ ದನಿ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಒಂದು ವರ್ಷ ಕಸುಬಿನ ಪುಸ್ತಕಕ್ಕೆ ಗೆದ್ದಲು ಹಿಡಿದಾಗ ಹಾಗೆ ಮಾಡಿದ್ದರು.

"ಒಂಬತ್ತಕ್ಕೂ ಮೊಹರು ಹಾಕೋಣ್ರಿ," ಎಂದೆ. "ಬಾಕಿ ಎಂಬತ್ತು ಹೆಸರು. ನಾಲ್ಕು ನಿಮಿಷದಂತೆ ಐದು ತಾಸು ಇಪ್ಪತ್ತು ನಿಮಿಷ. ನಾಳೆ ಒಂದೇ ದಿನ. ಎಂಬತ್ತಕ್ಕೂ ಚೀಟಿ ಮಾಡಿ ಇಟ್ಟುಕೊಳ್ಳೋಣ. ಆಮೇಲೆ ಅಕಾರಾದಿಯಂತೆ ಜೋಡಿಸಿಕೊಂಡು ಒಂದೊಂದೇ ಪುಸ್ತಕ ತೆಗೆದು ಮೊದಲ ಹಾಳೆಯಿಂದ ಕೊನೆಯ ಹಾಳೆಗೆ ಒಂದೇ ಸಲ ಹೋಗೋಣ. ಒಂದೇ ಹಾಳೆಗೆ ಹತ್ತು ಸಲ ಬರೂದು ತಪ್ಪತದ, ಹೊಲಿಗೇನೂ ಒಂದೇ ಸಲ. ಪುಸ್ತಕಕ್ಕೆ ಎರಡು ದಿನ ಸಾಕು."

"ಮೊಹರು ಒಡದ ಕೂಡಲೆ ಪುಸ್ತಕ ಬಾಕಿ ಹೆಸರೆಲ್ಲ ಕೇಳತದ. ಬರದು ಮುಗಿಯೂ ತನಕ ಆ ಎಂಬತ್ತೂ ಮಂದಿ ದನಿ ಮತ್ತ ಹೋಗತದ."

"ನಡುವ ಬಿಡುವು ಕೊಟ್ಟು ಒಂದೊಂದೇ ಮೊಹರು ಒಡದ್ರ ಎರಡೆರಡು ದಿನ ಅಷ್ಟೇ ಹೋಗತದ್ರಿ. ಯಾವ ದಿನ ಅಂತ ಮೊದಲೇ ಡಂಗುರ ಸಾರಬಹುದು. ತುಳಜವ್ವನ ಮನ್ಯಾಗ ಆ ಎರಡೆರಡು ದಿನ ಯಾರರೆ ಕೂಡ್ತಾರ. ಇಪ್ಪತ್ಮೂರು ದಿನ ಯಾರು ಕೂಡ್ತಾರ್ರಿ?"

ಅಕ್ಕಾರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ನಾಳೆ ಒಂದು ದಿನ ಯಾರದರೆ ದನಿ ಕಟ್ಟಿತು ಅಂತ ತಿಳಕೋ, ರಾಚಪ್ಪ. ಎಲ್ಲಿ ಹುಡುಕ್ತಿ?"

ವರ್ಷಕ್ಕೆ ಮುನ್ನೂರರ ಲೆಕ್ಕದಲ್ಲಿ ದಿನಕ್ಕೆ ಒಂದು ಆಗಿಯೇ ಆಗುತ್ತದೆ ಎಂದು ನನಗೂ ಗೊತ್ತಿತ್ತು.

ಆಗ ಅವರು ತಮ್ಮ ತಂಗಿ ಚಂಪಾಳ ಮಾತು ತೆಗೆದರು. ಹುಡುಕು ಪುಸ್ತಕ ಒಂದೂ ಇಲ್ಲದಿದ್ದ ಕಾಲ. ಮದುವೆ ಮುರಿದು ಬಿದ್ದು ಚಂಪಾಳ ದನಿ ಕಟ್ಟಿತು. ಆಗಿನ ಗುಮಾಸ್ತ ಒಬ್ಬನೇ, ವಯಸ್ಸಾದವನು, ಸಾಲು ಸಾಲಾಗಿ ಹನ್ನೊಂದು ದಿನ ಹುಡುಕಿದ. "ಸಿಕ್ಕಿತು. ಓದಿದ. ದನಿ ಬಂತು," ಎಂದರು ಅಕ್ಕಾರು. "ಆದರ ಹನ್ನೊಂದು ದಿನದಾಗ ಅಕಿಗೆ ಸುಮ್ಮನಿರೂದು ರೂಢಿ ಆಗಿಬಿಟ್ಟಿತ್ತು. ದನಿ ಬಂತು, ಮಾತು ಬರಲಿಲ್ಲ." ಆಮೇಲೆ ಈ ಕೆಲಸಕ್ಕೆ ಸೇರಿದ ಅಕ್ಕಾರು ಮೊದಲು ಮಾಡಿದ್ದೇ ಹೆಸರಿನ ಪುಸ್ತಕ. ಅದರ ಹಾಳೆಗಳಿಗೆ ಕೆಂಪು ಗೆರೆ ಹಾಕಿದ್ದು ಅವರೇ.

ನಾನು ಹಾಳೆಗಳನ್ನು ಎತ್ತಿಕೊಳ್ಳಲು ಹೋದೆ. ಅವರು ಬಿಡಲಿಲ್ಲ. ಇನ್ನೊಮ್ಮೆ ಓದಿದರು. ಹೊರಕೋಣೆಯ ಬೆಂಚಿನ ಮೇಲೆ ತುಳಜವ್ವ ಕೂತಿದ್ದಳು. ಮಂಗಳವಾರದಿಂದ ಅವಳು ದಿನವಿಡೀ ಅಲ್ಲೇ ಇರುತ್ತಿದ್ದಳು. ಮನೆಗಿಂತ ಇಲ್ಲಿ ನಾಲ್ಕು ಕಣ್ಣು ಹೆಚ್ಚು ಎಂದು. ಸುಮ್ಮನೆ ಕೂರಲಾರದೆ ನಮ್ಮ ಹರಿದ ಕುರ್ಚಿಯೊಂದನ್ನು ಎಳೆದುಕೊಂಡು ಒಂದೇ ಕೈಯಲ್ಲಿ, ಹಲ್ಲಿನಿಂದ ಬೆತ್ತ ಕಚ್ಚಿ ಎಳೆಯುತ್ತ, ಹೆಣೆಯುತ್ತಿದ್ದಳು.

"ಅರಗು ತಗೊಂಬಾ," ಎಂದರು ಅಕ್ಕಾರು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಒಂಬತ್ತೂ ಪುಸ್ತಕಗಳಿಗೆ ಮೊಹರು ಬಿತ್ತು. ಹೆಸರಿನ ಪುಸ್ತಕಕ್ಕೆ ಅಕ್ಕಾರೇ ಹಾಕಿದರು. ಅರಗು ಅವರ ಬೆರಳಿಗೆ ತಗುಲಿದರೂ ಕೈ ಹಿಂದಕ್ಕೆ ತೆಗೆಯಲಿಲ್ಲ. ನಾನು ಇಪ್ಪತ್ನಾಲ್ಕನೆಯ ಸಂಪುಟ ತೆರೆದು ಬರೆಯಲು ಕೂತೆ. ಗಿರಣಿಯವರು ಅಂಗಳದಲ್ಲಿ ಸಾಲುಗಟ್ಟಿ ನಿಂತಿದ್ದರು. ಮೊದಲ ಸಾಲಿನ ಮಸಿ ಆರಿದೊಡನೆ ಹೊರಗಿನಿಂದ ಒಬ್ಬ ಗಂಡಸು "ಅಯ್ಯಯ್ಯಪ್ಪಾ!" ಎಂದ. ಅದು ಅವನ ಮೊದಲ ಮಾತು. ಎಲ್ಲರೂ ನಕ್ಕರು, ದನಿ ಇಲ್ಲದವರು ಚಪ್ಪಾಳೆ ತಟ್ಟಿದರು. ನಾಲ್ಕು ನಿಮಿಷಕ್ಕೆ ಒಂದು ದನಿ. ಮಾವಿನ ಮರಕ್ಕೆ ಹಕ್ಕಿಗಳು ಒಂದೊಂದಾಗಿ ಬಂದು ಕೂರುವ ಹಾಗೆ ಅಂಗಳ ತುಂಬುತ್ತ ಹೋಯಿತು.

ಹತ್ತೂಮುಕ್ಕಾಲಕ್ಕೆ ಅಕ್ಕಾರು ಬೆಂಚಿನ ಕಡೆ ತಿರುಗಿ, "ತುಳಜಾ, ಚಹಾ ಕುಡೀತಿಯೇನ?" ಎಂದರು. ತುಳಜವ್ವ ಬಾಯಿ ಆಡಿಸಿದಳು. ಏನೂ ಕೇಳಲಿಲ್ಲ. ಇನ್ನೊಮ್ಮೆ ಆಡಿಸಿದಳು. ಕೈಯಿಂದ ತನ್ನ ಗಂಟಲನ್ನು ಮುಟ್ಟಿಕೊಂಡಳು. ಹದಿನೈದು ದಿನ ನಿದ್ದೆಗೆಟ್ಟವಳ ದನಿ ಕಟ್ಟಿತ್ತು.

ಅಕ್ಕಾರ ಮುಖ ನಾನು ನೋಡಿದೆ. ಅವರು ಎದ್ದು ನೇರ ಕಪಾಟಿಗೆ ಹೋಗಿ ಹೆಸರಿನ ಪುಸ್ತಕ ತಂದು, ಅರಗಿನ ಕೆಳಗೆ ಚಾಕು ತೂರಿಸಿದರು. ಆ ಪುಸ್ತಕ ತೆರೆದರೆ ತುಳಜವ್ವನ ಸಾಲು ಎರಡೇ ನಿಮಿಷದಲ್ಲಿ ಸಿಗುತ್ತಿತ್ತು. ಆದರೆ ತೆರೆದ ಗಳಿಗೆಯಿಂದ ಅದು ಎಂಬತ್ತೂ ಹೆಸರು ಕೇಳುತ್ತದೆ. ಅಂಗಳದಲ್ಲಿ ಆಗತಾನೆ ಬಂದ ದನಿಗಳು ಹೋಗುತ್ತವೆ, ಕೂಸಿನ ದನಿ ಮತ್ತೆ ದೂರ ಸರಿಯುತ್ತದೆ.

"ಕೂಸಿಗೆ ಇನ್ನೆರಡು ದಿನ ತಡ ಆಗಬಹುದವ್ವ," ಎಂದರು ಅಕ್ಕಾರು, ತಗ್ಗಿದ ದನಿಯಲ್ಲಿ. "ಮೊದಲು ನಿಂದು ಬರಲಿ. ಕಣ್ಣಿಲ್ಲ, ದನೀನೂ ಇಲ್ಲದ ಹೆಂಗಿರ್ತಿ?"

ತುಳಜವ್ವ ಗಾಳಿಯಲ್ಲಿ ತಡಕಿ ಅಕ್ಕಾರ ಮಣಿಕಟ್ಟು ಹಿಡಿದಳು. ಚಾಕು ಇದ್ದ ಕೈಯನ್ನು ಪುಸ್ತಕದಿಂದ ಎತ್ತಿ ದೂರ ಇಟ್ಟಳು. ಆಮೇಲೆ ಅದೇ ಕೈಯನ್ನು ಎಳೆದು ಕೂಸಿನ ಗಂಟಲ ಮೇಲೆ ಇಟ್ಟುಕೊಂಡಳು. ಕೂಸು ಅಳುತ್ತಿತ್ತು. ಅಕ್ಕಾರ ಬೆರಳಿಗೆ ಅದು ತಿಳಿದಿರಬೇಕು.

ಅವರು ಪುಸ್ತಕವನ್ನು ಕಪಾಟಿಗೆ ಹಿಂತಿರುಗಿಸಿದರು. ದೊಡ್ಡ ಪುಸ್ತಕದ ಮೊದಲ ಸಂಪುಟವನ್ನು ಎತ್ತಿಕೊಂಡು ಬಂದು ಬೆಂಚಿನ ಮೇಲೆ ತುಳಜವ್ವನ ಪಕ್ಕ ಕೂತು, ಮೊದಲ ಸಾಲನ್ನು ಗಟ್ಟಿಯಾಗಿ ಓದಿದರು. ಎರಡನೆಯದು ಓದಿದರು. ತುಳಜವ್ವ ಸಣ್ಣವಳಿದ್ದಾಗ ಯಾರದೋ ಗಾಡಿಯಲ್ಲಿ ಈ ಊರಿಗೆ ಬಂದವಳು. ಯಾವ ವರ್ಷ ಎಂದು ಅವಳಿಗೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಿದರೂ ಒಂದೇ. ಅಕ್ಕಾರು ಒಂದು ಸಾಲಿಗೆ ಹತ್ತು ಸೆಕೆಂಡು ತೆಗೆದುಕೊಳ್ಳುತ್ತಿದ್ದರು. ಹನ್ನೊಂದು ಸಾವಿರಕ್ಕೆ ಎಷ್ಟು ಎಂದು ಲೆಕ್ಕ ಹಾಕಿ, ಲೆಕ್ಕವನ್ನು ಅವರಿಗೆ ಹೇಳದೆ ನಾನು ಬರೆಯುತ್ತ ಹೋದೆ.

ಹನ್ನೊಂದೂವರೆಗೆ ಮೆಹಬೂಬಿಯ ಸಾಲು ಆರಿತು. ಹೊರಗಿನಿಂದ ಅವಳು ಮಾತಾಡುತ್ತಲೇ ಒಳಗೆ ಬಂದಳು. ಐದು ವಾರದ ಮಾತು. "ಯಪ್ಪಾ, ಏನ ಸೆಕಿ ಐತ್ರಿ ನಿಮ್ಮೂರಾಗ! ಆ ಅಂಗಡ್ಯಾವ ನನಗ ಹುಳಾ ಬಿದ್ದ ಬ್ಯಾಳಿ ಕೊಟ್ಟಾನ, ಪಾಟಿ ಮ್ಯಾಲ ಬೈದ್ರ ಒರಿಸಿ ಒರಿಸಿ ನಗ್ತಿದ್ದ, ಇವತ್ತ ಹೋಗ್ತೀನಿ ನೋಡ್ರಿ... ಅಲ್ರೀ ಅಕ್ಕಾರ, ನೀವೊಬ್ರೇ ಯಾಕ ಓದಾಕತ್ತೀರಿ? ತುಳಜಕ್ಕಗ ಏನಾತು?"

ಅಕ್ಕಾರು ಹೇಳಿದರು. ಮೆಹಬೂಬಿ ಕಪಾಟಿನಿಂದ ಕೈಗೆ ಸಿಕ್ಕ ಸಂಪುಟ ಎಳೆದುಕೊಂಡು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅಂಗಳಕ್ಕೆ ಕೂಗಿದಳು: "ಏ, ದನಿ ಬಂದಾವ್ರು ಯಾರ ಯಾರಿಗೆ ಅಕ್ಷರ ಬರತಾವ, ಒಳಗ ಬರ್ರಿ! ಸುಮ್ನ ಹಾಡಕೋಂತ ನಿಂತೀರಿ!"

ಬಂದರು. ಮೊದಲು ಮೂವರು, ಆಮೇಲೆ ಐವರು. ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕು ಜನ. ಕೆಲವರಿಗೆ ಅಕ್ಷರ ಕೂಡಿಸಿ ಕೂಡಿಸಿ ಓದಬೇಕಾಗಿತ್ತು. ಒಬ್ಬ ಮುದುಕ ಒಂದು ಸಾಲಿಗೆ ಒಂದು ನಿಮಿಷ ಹಿಡಿಯುತ್ತಿದ್ದ. ಹೊಸದಾಗಿ ಬಂದ ಒರಟು ದನಿಗಳು, ಅರ್ಧ ಒಡೆದವು, ಕೆಮ್ಮುವವು, ಕುರುಡು ಹೆಂಗಸಿನ ಸುತ್ತ ಕೂತು ತಾವು ಎಂದೂ ಕಾಣದ ಜನರ ಹೆಸರುಗಳನ್ನು ಓದುತ್ತಿದ್ದವು. ಸತ್ತವರ ಹೆಸರು, ಊರು ಬಿಟ್ಟವರ ಹೆಸರು, ಬೆನ್ನಲ್ಲಿ ಮಚ್ಚೆ ಇದ್ದವರು, ಕಂಚುಗಾರರು, ಹೂ ಮಾರುವವರು. ತುಳಜವ್ವ ತಲೆ ತುಸು ವಾಲಿಸಿ, ಎಲ್ಲವನ್ನೂ ಬೇರೆ ಬೇರೆಯಾಗಿ ಕೇಳುತ್ತಿರುವವಳ ಹಾಗೆ ಕೂತಿದ್ದಳು. ಅಕ್ಕಾರು ಚಂಪಾಳ ಸಾಲು ಬಂದಾಗಲೂ ನಿಲ್ಲಿಸಲಿಲ್ಲ. ಅದನ್ನು ಮಾತ್ರ ಎರಡು ಸಲ ಓದಿದರು.

ನನ್ನ ಲೆಕ್ಕ ತುಸು ತಪ್ಪಿತ್ತು. ಊಟಕ್ಕೆಂದು, ಲೇಖನಿಯ ನಿಬ್ಬು ಮುರಿದದ್ದಕ್ಕೆಂದು ಒಂದು ತಾಸು ಹೆಚ್ಚು ಹಿಡಿಯಿತು. ನಾಲ್ಕು ಗಂಟೆ ಇಪ್ಪತ್ತಾರು ನಿಮಿಷಕ್ಕೆ ನಾನು 'ಭರಮಪ್ಪ, ತಾಯಿ ತುಳಜವ್ವ, ತಂದೆ ಅಂಬಣ್ಣ' ಎಂದು ಬರೆದೆ. ಅಂಬಣ್ಣ ಅದೇ ಆಗ ದೋಣಿ ಕಟ್ಟಿ ಬಂದು ಬಾಗಿಲಲ್ಲಿ ನಿಂತಿದ್ದ, ಮೊಣಕಾಲವರೆಗೆ ಕೆಸರು. ಮಸಿಯ ಮೇಲೆ ಉಸಿರು ಊದಬಾರದು ಎಂಬ ನಿಯಮವಿದೆ. ಊದಲಿಲ್ಲ, ಕಾದೆ.

ಕೂಸು ಅಳುತ್ತಲೇ ಇತ್ತು. ಸದ್ದು ನಡುವಿನಿಂದ ಶುರುವಾಯಿತು. ತೆಳ್ಳಗೆ, ಹರಿದ ಹಾಗೆ, ಬೆಕ್ಕಿನ ಮರಿಯಂತೆ. ಓದುತ್ತಿದ್ದವರೆಲ್ಲ ಒಟ್ಟಿಗೆ ನಿಂತರು. ತುಳಜವ್ವ ಮುಖ ತಗ್ಗಿಸಿ ಕಿವಿಯನ್ನು ಕೂಸಿನ ಬಾಯಿಯ ಹತ್ತಿರ ತಂದಳು. ಅವಳ ತುಟಿ ಆಡುತ್ತಿತ್ತು, ಏನೋ ಹೇಳುತ್ತಿತ್ತು. ಕೂಸಿಗೆ ಅದು ಕೇಳುವಂತಿರಲಿಲ್ಲ.

"ಯಾಕ ನಿಂತ್ರಿ?" ಎಂದು ಅಕ್ಕಾರು ಗದರಿದರು. ಅವರ ದನಿ ಕೆಟ್ಟು ಹೋಗಿತ್ತು. "ಓದ್ರಿ! ಕೂಸಿಗೆ ಅವ್ವ ಬ್ಯಾಡೇನು?"

ಮತ್ತೆ ಓದಿದರು, ಅಳುವಿನ ಮೇಲೆ ದನಿ ಏರಿಸಿ. ತುಳಜವ್ವ ಹಾಲು ಕೊಟ್ಟಳು. ಅಳು ಇಳಿಯಿತು, ಬಿಕ್ಕಾಯಿತು, ನಿಂತಿತು. ಅಂಬಣ್ಣ ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ.

ಐದು ಗಂಟೆ ದಾಟಿತ್ತು. ಒಂಬತ್ತನೆಯ ಸಂಪುಟ ಹಿಡಿದಿದ್ದ ಅಕ್ಷರ ಕೂಡಿಸುವ ಮುದುಕ ಬೆರಳಿಟ್ಟು ಎಳೆಯುತ್ತಿದ್ದ: "ತು... ತುಳ... ತುಳಜ... ತಾಯಿ ಹೆಸರು ಇಲ್ಲ... ಬೆತ್ತದ... ಬೆತ್ತದ ಗಾಡಿ ಹಿಂದ ಬಂದಾಕಿ... ಎಡಗಿವಿ ಮ್ಯಾಲ ಮಚ್ಚಿ..."

"ಸಿಕ್ಕಿತು!" ಎಂದು ಮೆಹಬೂಬಿ ಕಿರುಚಿದಳು. ಹದಿನಾಲ್ಕೂ ಜನ ಒಟ್ಟಿಗೆ ಮಾತಾಡಿದರು. ಅಕ್ಕಾರು ಎದ್ದು ತುಳಜವ್ವನ ಭುಜ ಹಿಡಿದು ಅಲುಗಿಸಿದರು: "ಮಾತಾಡವ್ವ, ತುಳಜಾ! ಏನರೆ ಮಾತಾಡು! ಸುಮ್ಮನಿರಬ್ಯಾಡ!"

ತುಳಜವ್ವನ ಗಂಟಲು ಒಮ್ಮೆ ಏರಿಳಿಯಿತು. ನಾವೆಲ್ಲ ಅವಳ ಬಾಯಿಯನ್ನೇ ನೋಡುತ್ತಿದ್ದೆವು.

"ಶ್..." ಎಂದಳು. "ಗದ್ದಲ ಮಾಡಬ್ಯಾಡ್ರಿ. ಮಲಗೇದ."

ಎಲ್ಲರೂ ಸುಮ್ಮನಾದರು. ಅವಳು ಆ ನಾಲ್ಕು ದಿನದಲ್ಲಿ ಮೊದಲ ಸಲ ಕೂಸಿನ ಎದೆಯ ಮೇಲಿನಿಂದ ಬಲಗೈ ತೆಗೆದು ತನ್ನ ತೊಡೆಯ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡಳು. ಬೆರಳುಗಳು ಮಡಚಿಯೇ ಇದ್ದವು. ತಲೆ ಗೋಡೆಗೆ ಒರಗಿತು. ಸ್ವಲ್ಪ ಹೊತ್ತಿಗೆ ಅವಳೂ ನಿದ್ದೆ ಹೋದಳು. ಆ ನಿಶ್ಶಬ್ದದಲ್ಲಿ ಕೂಸಿನ ಮೂಗಿನಿಂದ ಸಣ್ಣ, ಒದ್ದೆ ಸದ್ದು ಬರುತ್ತಿತ್ತು. ಬಾಗಿಲವರೆಗೂ ಕೇಳುತ್ತಿತ್ತು. ನಾನು ಗಡಿಯಾರ ನೋಡಿಕೊಂಡು ಎಣಿಸಿದೆ. ನಿಮಿಷಕ್ಕೆ ನಲವತ್ತನಾಲ್ಕು ಉಸಿರು.